ಹೆಬ್ಬಾಗಿಲಲ್ಲಿ ಓದಿದ ಪಟ್ಟಿ

ಶಂಖಾವತಿಯ ಮೂಡಣ ಹೆಬ್ಬಾಗಿಲಲ್ಲಿ ಅಂದು ಬೆಳಗ್ಗೆ ಪಟ್ಟದಾನೆಯನ್ನು ಸಿಂಗರಿಸಿ ನಿಲ್ಲಿಸಿ, ಅರಸನಿಗೆ ಪೀಠ ಹಾಕಿದ್ದರು, ರಾಜಬೀದಿಗೆ ನೀರು ಚಿಮುಕಿಸಿ ಅಂಗಡಿಗಳ ಮುಂದೆ ಬಾಳೆಕಂಬ ನೆಟ್ಟಿದ್ದರು. ಮುನ್ನೂರು ಕುಟುಂಬಗಳನ್ನು ಊರಿನಿಂದ ಹೊರದಬ್ಬುವುದಕ್ಕೆ ಇಷ್ಟೆಲ್ಲ ಸಡಗರ! ಕಲ್ಲುಕುಟಿಗರ ಕೇರಿಯವರು ಗಂಟುಮೂಟೆಗಳೊಡನೆ ಬಿಸಿಲಲ್ಲಿ ನಿಂತಿದ್ದರು. ಆ ಹೆಬ್ಬಾಗಿಲನ್ನು ಕಟ್ಟಿದವರು ಅವರ ಅಪ್ಪಂದಿರೇ.

ಮೂರು ತಲೆಮಾರಿನಿಂದೀಚೆಗೆ ಬಂದು ನೆಲಸಿದವರೆಲ್ಲರೂ ಪರದೇಶಿಗಳು, ರಾಜ್ಯಕಂಟಕರು ಎಂದು ಮಹಾಪ್ರಧಾನ ಬಾಚರಸನು ಅರಸನ ಕಿವಿಯೂದಿ ಆಜ್ಞೆ ಹೊರಡಿಸಿದ್ದನು. ಕೇರಿಯ ಜಾಗದಲ್ಲಿ ತನಗೊಂದು ವಿಹಾರೋದ್ಯಾನ ಬೇಕೆಂಬುದು ಅವನ ಬಹುದಿನದ ಆಸೆ. ದೇಶಭಕ್ತಿಯೆಂಬುದು ಇಂಥವರ ಬಾಯಲ್ಲಿ ತಾಂಬೂಲ, ಜಗಿದು ಉಗುಳುವುದಕ್ಕೆ ಮಾತ್ರ.

ಹೆಸರುಗಳನ್ನು ಬರೆಯುವ ಪಾಡು ವೃದ್ಧ ಕರಣಿಕ ಚಾವಿಮಯ್ಯನ ಪಾಲಿಗೆ ಬಂದಿತ್ತು. ಮೂರು ದಿನ ಅನ್ನ ಸೇರದೆ ಹಳೆಯ ಕಡತಗಳನ್ನು ತಿರುವಿ, ಆಜ್ಞೆಯ ಒಂದಕ್ಷರಕ್ಕೂ ಚ್ಯುತಿ ಬಾರದಂತೆ ಅವನು ಪಟ್ಟಿ ಸಿದ್ಧಪಡಿಸಿದ್ದನು.

"ಪ್ರಭುಗಳು ಒಮ್ಮೆ ಓದಿ ನೋಡಿದರೆ ಒಳಿತು," ಎಂದು ಬಾಚರಸನಿಗೆ ಓಲೆಯನ್ನು ನೀಡಿದನು.

"ಓದುವುದು ನಿನ್ನಂಥವರ ಚಾಕರಿ ಕಣಯ್ಯಾ," ಎಂದು ಬಾಚರಸನು ಮೂಗು ಮುರಿದನು. "ಯಾರಲ್ಲಿ, ಭೇರಿ ಹೊಡೆಯಿರಿ!"

ಭೇರಿ ಮೊಳಗಿತು. ಭೇರಿಯ ಬಳಿಕ ಓದಿದ ಹೆಸರನ್ನು ಅರಸನೂ ಅಳಿಸುವಂತಿಲ್ಲ, ಮುಂದಿನ ಓದನ್ನು ನಿಲ್ಲಿಸಬಹುದು ಅಷ್ಟೆ. ಅದು ಆ ರಾಜ್ಯದ ಕಟ್ಟಳೆ. ಚಾವಿಮಯ್ಯನು ಓಲೆ ಬಿಚ್ಚಿ ಗಟ್ಟಿಯಾಗಿ ಓದತೊಡಗಿದನು.

"ಮೊದಲನೆಯವನು, ಕರಣಿಕ ಚಾವಿಮಯ್ಯ. ತಂದೆ ಹೊಳೆಯಾಚೆಯಿಂದ ಬಂದವನು. ಎರಡನೆಯವರು, ಮಹಾಪ್ರಧಾನ ಬಾಚರಸರು. ಅಜ್ಜ ಕುದುರೆ ಮಾರಲು ಬಂದು ಇಲ್ಲಿಯೇ ನಿಂತವರು. ಮೂರನೆಯವರು, ನೆರೆರಾಜ್ಯದಿಂದ ಮದುವೆಯಾಗಿ ಬಂದ ರಾಜಮಾತೆ..."

"ನಿಲ್ಲಿಸು!" ಎಂದು ಅರಸನು ಪೀಠದಿಂದ ಧಿಗ್ಗನೆದ್ದನು. ತಾಯಿಯ ಹೆಸರು ಇನ್ನೂ ಕರಣಿಕನ ಬಾಯಿಂದ ಹೊರಬಿದ್ದಿರಲಿಲ್ಲ. ಓದು ಅಲ್ಲಿಗೇ ನಿಂತಿತು, ಆಜ್ಞೆ ರದ್ದಾಯಿತು, ಕೇರಿಯವರು ಹೊತ್ತ ಗಂಟುಗಳನ್ನು ಇಳಿಸಿದರು.

ಓದಿಯಾಗಿದ್ದ ಎರಡು ಹೆಸರುಗಳಿಗೆ ಮಾತ್ರ ಬಿಡುಗಡೆಯಿರಲಿಲ್ಲ. ನಿನ್ನೆಯವರೆಗೆ ಕೇರಿಯ ಹೆಂಗಸರ ಕಣ್ಣೀರನ್ನು ನಾಟಕವೆಂದು ನಕ್ಕಿದ್ದ ಬಾಚರಸನು ಅರಸನ ಕಾಲು ಹಿಡಿದು, "ಮಹಾಸ್ವಾಮೀ, ನಾನು ಈ ಮಣ್ಣಿನಲ್ಲೇ ಹುಟ್ಟಿದವನು!" ಎಂದು ಬೀದಿಯಲ್ಲಿ ಹೊರಳಾಡಿ ಅತ್ತನು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣದಾಗಿ ಅಳಬಲ್ಲನೆಂದು ಊರಿಗೆ ಗೊತ್ತಿರಲಿಲ್ಲ. ಅರಸನು ಮುಖ ತಿರುಗಿಸಿದನು.

ಚಾವಿಮಯ್ಯನು ಓಲೆಯನ್ನು ಅರಸನ ಪಾದದ ಬಳಿಯಿಟ್ಟು ಕೈಮುಗಿದು, ಹೆಬ್ಬಾಗಿಲ ಕಡೆಗೆ ನಡೆದನು. ಕಲ್ಲುಕುಟಿಗರ ಮುದುಕಿಯೊಬ್ಬಳು ಓಡಿಬಂದು, ತಾನು ದಾರಿಗೆಂದು ಕಟ್ಟಿಕೊಂಡಿದ್ದ ಬುತ್ತಿಯನ್ನು ಅವನ ಕೈಗಿಟ್ಟಳು.

"ನಮಗಿನ್ನು ಇದು ಬೇಡ, ಅಯ್ಯನವರೇ," ಎಂದು ಅತ್ತಳು.

ಚಾವಿಮಯ್ಯನು ಹೊಸ್ತಿಲ ಬಳಿ ನಿಂತು ಹಿಂತಿರುಗಿ ನೋಡಿದನು.

"ಏಳಿ ಪ್ರಭುಗಳೇ, ಬಿಸಿಲೇರುತ್ತಿದೆ. ಬುತ್ತಿ ಇಬ್ಬರಿಗಾಗುತ್ತದೆ."