ಹನ್ನೊಂದು ಅಂಗಿಯ ತಂಡ

“ಇದ್ರಲ್ಲಿ ಯಾರೇ ನಿಮ್ಮಜ್ಜಿ? ತೋರ್ಸು ನೋಡೋಣ.”

ಪಕ್ಕದ ಬೆಂಚಿನ ಹುಡುಗಿ ಫೋಟೋವನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ಆ ಕನ್ನಡಕದಿಂದಲೇ ಅವಳಿಗೆ ಸೋಡಾಬುಡ್ಡಿ ಎಂಬ ಹೆಸರು. ನಿಂತಲ್ಲಿ ನಿಲ್ಲದೆ ಸುತ್ತುವ ನಮ್ಮ ಹುಡುಗಿಗೆ ಬುಗುರಿ ಎಂದು ಹೆಸರಿಟ್ಟವಳೂ ಅವಳೇ.

ಊರಿನ ಹೆಂಗಸರ ಫುಟ್‌ಬಾಲ್ ಕ್ಲಬ್ಬಿಗೆ ಈಗ ಮೂವತ್ತೈದು ವರ್ಷ. ಅದರ ಚರಿತ್ರೆ ಬರೆಯಿರಿ ಎಂದು ಮಿಸ್ ಎಲ್ಲರಿಗೂ ಮೊದಲ ತಂಡದ ಫೋಟೋ ಹಂಚಿದ್ದರು. “ನಮ್ಮಜ್ಜಿ ಫಸ್ಟ್ ಟೀಮಲ್ಲಿ ಇದ್ಲು” ಎಂದು ಬುಗುರಿ ವಾರದಿಂದ ಹೇಳಿಕೊಂಡು ಓಡಾಡುತ್ತಿದ್ದಳು. ಈಗ ಹನ್ನೊಂದು ಮುಖಗಳನ್ನು ಮೂರು ಸಲ ನೋಡಿಯಾಗಿತ್ತು. ಅಜ್ಜಿ ಒಂದರಲ್ಲೂ ಇರಲಿಲ್ಲ.

ಗೋಲ್‌ಕೀಪರ್ ಮಾತ್ರ ಟೋಪಿ ಹಾಕಿದ್ದಳು. ಅದರ ನೆರಳು ಮೂಗಿನ ತನಕ ಬಿದ್ದಿತ್ತು.

“ಇದು,” ಎಂದು ಬುಗುರಿ ಟೋಪಿಯ ಮೇಲೆ ಬೆರಳಿಟ್ಟಳು.

“ಗೋಲ್‌ಕೀಪರಾ? ಮೊದ್ಲೇ ಹೇಳೋಕೆ ಏನಾಗಿತ್ತು?”

“ಕೊಚ್ಕೋಬಾರ್ದು ಅಂತ.”

“ವಾರದಿಂದ ಅದನ್ನೇ ಮಾಡ್ತಿದೀಯಲ್ಲೇ.”

ಮಿಸ್ ಮೇಜು ತಟ್ಟಿದರು. “ನಾಳೆ ಕ್ಲಬ್ಬಿಗೆ ಹೋಗೋದು ನೆನಪಿದೆ ತಾನೇ? ಹಳೇ ಆಟಗಾರ್ತಿಯರೆಲ್ಲ ಬರ್ತಾರೆ. ಗೋಲ್‌ಕೀಪರೇ ಮೊದಲು ಮಾತಾಡೋದಂತೆ.”

ಬುಗುರಿ ಟೋಪಿಯ ಮೇಲಿಂದ ಬೆರಳು ತೆಗೆದಳು.

ಅಜ್ಜಿಗೆ ಕ್ಲಬ್ಬಿನ ಕೆಳಮಹಡಿಯ ಬಟ್ಟೆ ಕೋಣೆಯಲ್ಲಿ ಕೆಲಸ. ಆಟಗಾರ್ತಿಯರ ಅಂಗಿ ಒಗೆಯುವುದು, ಹರಿದರೆ ಹೊಲಿಯುವುದು, ಮಡಿಸುವುದು. ಸಂಜೆ ಬುಗುರಿ ಮನೆಗೆ ಬಂದಾಗ ಅವಳು ಕಿಟಕಿಯ ಬೆಳಕಿನಲ್ಲಿ ಒಂದು ತೋಳು ಹೊಲಿಯುತ್ತ ಕೂತಿದ್ದಳು.

“ಅಜ್ಜೀ, ಫೋಟೋದಲ್ಲಿ ನೀನೆಲ್ಲಿ?”

“ಒಂದು ಬಲ್ಬ್ ಫ್ಯಾಕ್ಟರಿ ಇತ್ತು,” ಎಂದಳು ಅಜ್ಜಿ. ರಾಜಕುಮಾರಿಯ ಕತೆ ಶುರು ಮಾಡುವಾಗಲೂ ಅವಳದು ಇದೇ ದನಿ. “ಅದ್ರಲ್ಲಿ ಹನ್ನೆರಡು ಜನ ಹುಡುಗೀರು. ಶಿಫ್ಟ್ ಮುಗಿದ ಮೇಲೆ ಲಾರಿ ನಿಲ್ಲೋ ಜಾಗದಲ್ಲಿ ಚೆಂಡು ಒದೀತಿದ್ವಿ. ಒಂದಿನ ಮ್ಯಾನೇಜರು ಅಂಗಿ ಹೊಲಿಸಿ ಕೊಟ್ಟ. ಹನ್ನೊಂದು. ಫುಟ್‌ಬಾಲಿಗೆ ಹನ್ನೊಂದು ಜನ ತಾನೇ ಅಂದ, ಪುಣ್ಯಾತ್ಮ.”

“ನಿಂಗೆ?”

“ನಾನು ಹನ್ನೆರಡನೆಯವಳು. ಯಾರಾದ್ರೂ ಕುಂಟಿದ್ರೆ ನಾನು ಒಳಗೆ. ಇಬ್ರು ಬೆಡ್‌ಶೀಟ್ ಅಡ್ಡ ಹಿಡಿಯೋರು. ಅದ್ರ ಹಿಂದೆ ಕುಂಟಿದೋಳು ಅಂಗಿ ಬಿಚ್ಚೋದು, ನಾನು ಹಾಕ್ಕೊಳ್ಳೋದು. ಹಿಂಡಿದ್ರೆ ಒಂದು ಲೋಟ ಬೆವರು. ನೋಡೋಕೆ ಬಂದೋರು ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸೋರು. ಅಂಗಿ ಹಾಕ್ಕೊಳ್ಳೋಕೆ ನಾನು ಯಾವತ್ತೂ ಇಪ್ಪತ್ತು ದಾಟ್ಲಿಲ್ಲ.”

“ಮತ್ತೆ ಫೋಟೋ?”

“ಅಂಗಿ ಇದ್ದೋರು ನಿಂತ್ಕೊಳಿ ಅಂದ ಫೋಟೋದವ್ನು. ನಾನು ಎಲ್ರ ಚಪ್ಪಲಿ ಕಾಯ್ತಾ ಕೂತೆ.”

ಅಜ್ಜಿ ನಕ್ಕಳು. ಬುಗುರಿಗೆ ನಗು ಬರಲಿಲ್ಲ.

ಆಮೇಲೆ ಫ್ಯಾಕ್ಟರಿ ಮುಚ್ಚಿತಂತೆ, ತಂಡ ಮುಚ್ಚಲಿಲ್ಲವಂತೆ. ನಾಲ್ಕನೇ ವರ್ಷಕ್ಕೆ ಅದು ಪ್ರೊಫೆಷನಲ್ ಕ್ಲಬ್ ಆಯಿತಂತೆ, ಆಡುವುದಕ್ಕೆ ಸಂಬಳ. ಅಷ್ಟರಲ್ಲಿ ಅಜ್ಜಿಯ ಮಂಡಿ ಕೈಕೊಟ್ಟಿತ್ತು. ಬಟ್ಟೆ ಕೋಣೆ ನೋಡ್ಕೋತೀಯಾ ಎಂದು ಕೇಳಿದರಂತೆ.

“ಒಟ್ಟು ಎಷ್ಟು ಆಡಿದ್ದೆ ಅಜ್ಜಿ?”

“ಎಲ್ಲಾ ಮ್ಯಾಚ್ ಸೇರ್ಸಿದ್ರೆ ನಲವತ್ತು ನಿಮಿಷ ಇರ್ಬೋದು.”

ನಲವತ್ತು ನಿಮಿಷ. ಸ್ಕೂಲಿನ ಒಂದು ಪೀರಿಯಡ್ಡಿನಷ್ಟು. ನಾಳೆ ಇದನ್ನು ಎಲ್ಲರ ಎದುರು ಅಜ್ಜಿಯೇ ನಗುನಗುತ್ತಾ ಹೇಳಿಬಿಟ್ಟರೆ?

“ನಾಳೆ ನಾವು ಬಂದಾಗ ನೀನು ಮೇಲಕ್ಕೆ ಬರ್ಬೇಡ.”

ಅಜ್ಜಿಯ ಸೂಜಿ ನಿಂತಿತು. “ಯಾಕೆ ಮರಿ?”

“ಸುಮ್ನೆ.”

ಅಜ್ಜಿ ದಾರವನ್ನು ಹಲ್ಲಿನಲ್ಲಿ ಕಡಿದಳು. “ಸರಿ. ನಾಳೆ ಮ್ಯಾಚ್ ಬೇರೆ ಇದೆ. ನಂಗೂ ಕೈತುಂಬಾ ಕೆಲಸ.”

ಊಟಕ್ಕೆ ಕೂತಾಗ ಅವಳು ಕತೆ ಮುಂದುವರಿಸಲಿಲ್ಲ.

ಮರುದಿನ ಕ್ಲಬ್ಬಿನ ಮಹಡಿಯ ಮೇಲಿನ ಕೋಣೆಯಲ್ಲಿ ಗಾಜಿನ ಕಪಾಟಿನ ತುಂಬ ಕಪ್‌ಗಳು, ಸವೆದ ಬೂಟುಗಳು. ಎದುರಿನ ಸಾಲಿನಲ್ಲಿ ಹಳೆಯ ಆಟಗಾರ್ತಿಯರು ಒಬ್ಬರ ಕಿವಿಯಲ್ಲೊಬ್ಬರು ಮಾತಾಡುತ್ತ ಕೂತಿದ್ದರು. ಒಂದು ಕುರ್ಚಿಯ ಮೇಲೆ ಮಾತ್ರ ಯಾರದೋ ಬ್ಯಾಗ್ ಇತ್ತು.

ಆರಡಿ ಎತ್ತರದ ಹೆಂಗಸೊಬ್ಬರು ಎದ್ದು ನಿಂತರು. “ನಾನು ಗೋಲ್‌ಕೀಪರ್ ಆಗಿದ್ದೆ. ಈಗ ಬಸ್ ಓಡಿಸ್ತೀನಿ. ಎರಡ್ರಲ್ಲೂ ಬೈಸ್ಕೊಳ್ಳೋದೇ ಕೆಲಸ.” ಮಕ್ಕಳು ನಕ್ಕರು. ಅವರು ಬಾಗಿಲ ಕಡೆ ನೋಡಿದರು. “ಇನ್ನೊಬ್ಳು ಬರ್ಬೇಕು, ಕೆಳಗಿನಿಂದ. ಅವಳು ಬರದೆ ನಾವು ಶುರು ಮಾಡೋಲ್ಲ.”

ಸೋಡಾಬುಡ್ಡಿ ಕೈ ಎತ್ತಿದಳು. “ಆಂಟಿ, ನೀವು ನಮ್ಮ ಬುಗುರಿ ಅಜ್ಜಿ ಅಲ್ವಾ?”

“ನಂಗೆ ಮೊಮ್ಮಕ್ಕಳೇ ಇಲ್ವಲ್ಲ ಪುಟ್ಟಾ. ಎರಡು ಬೆಕ್ಕಿದಾವೆ.”

ಎಲ್ಲರೂ ಬುಗುರಿಯ ಕಡೆ ತಿರುಗಿದರು. ಫೋಟೋ ಸರಿಯಾಗಿ ಕಾಣಿಸಲಿಲ್ಲ ಎನ್ನಬಹುದಿತ್ತು. ಆ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಆ ಬ್ಯಾಗಿಟ್ಟ ಕುರ್ಚಿ ಎದುರಿಗೇ ಇತ್ತು.

“ನಮ್ಮಜ್ಜಿ ಫೋಟೋದಲ್ಲಿಲ್ಲ,” ಎಂದಳು. “ಅಂಗಿ ಹನ್ನೊಂದೇ ಇತ್ತು. ಗೋಲ್‌ಕೀಪರ್ ಅಂತ ನಾನೇ ಸುಳ್ಳು ಹೇಳಿದ್ದು.” ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಅವಳು ಕೆಳಗಿದಾಳೆ. ಮೇಲೆ ಬರ್ಬೇಡ ಅಂತ ನಾನೇ ಹೇಳಿದೀನಿ.”

ಗೋಲ್‌ಕೀಪರ್ ಬೈಯಲಿಲ್ಲ. ಕುರ್ಚಿಯ ಮೇಲಿನ ಬ್ಯಾಗ್ ತೆಗೆದು ನೆಲದ ಮೇಲಿಟ್ಟರು. “ಹಾಗಾದ್ರೆ ಕರ್ಕೊಂಡು ಬರೋಳೂ ನೀನೇ.”

“ನಾನೂ ಹೋಗ್ಲಾ?” ಎಂದಳು ಸೋಡಾಬುಡ್ಡಿ.

“ನೀನು ಕೂತ್ಕೋಮ್ಮ.”

ಕೆಳಗಿನ ಕೋಣೆಯಲ್ಲಿ ಸೋಪಿನ ವಾಸನೆ, ಇಸ್ತ್ರಿಯ ಬಿಸಿ. ಅಜ್ಜಿ ಬೆನ್ನು ಹಾಕಿ ನಿಂತು ಸಂಜೆಯ ಮ್ಯಾಚಿಗೆ ಅಂಗಿ ತೂಗುಹಾಕುತ್ತಿದ್ದಳು. ಗೋಡೆಯ ಮೇಲೆ ಇವತ್ತಿನ ಪಟ್ಟಿ ಅಂಟಿಸಿತ್ತು. ಮೇಲೆ ಆಡುವ ಹನ್ನೊಂದು ಜನ, ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಕಾಯುವ ಏಳು ಜನ.

ಗೆರೆಯ ಕೆಳಗಿನವರ ಏಳು ಅಂಗಿಗಳೂ ಆಗಲೇ ಕೊಕ್ಕೆಗೆ ಏರಿದ್ದವು. ಮೇಲಿನವರವು ಇನ್ನೂ ಬುಟ್ಟಿಯಲ್ಲೇ ಇದ್ದವು.

ಬುಗುರಿ ಬುಟ್ಟಿಯ ಹತ್ತಿರ ಹೋಗಿ ನಿಂತಳು.

“ಮೇಲಕ್ಕೆ ಬರ್ಬೇಡ ಅಂದಿದ್ದೆಯಲ್ಲ,” ಎಂದಳು ಅಜ್ಜಿ, ತಿರುಗದೆ.

“ಹೂಂ.”

“ಈಗ?”

“ಕುರ್ಚಿ ಇಟ್ಟಿದಾರೆ. ನೀನು ಬರದೆ ಶುರು ಮಾಡಲ್ವಂತೆ.”

ಅಜ್ಜಿ ತಿರುಗಿದಳು. “ಆ ಬಸ್ಸಿನವಳಾ? ಅವಳು ಯಾವಾಗ್ಲೂ ಹಟಮಾರಿ. ಇನ್ನೂ ಹನ್ನೊಂದಿದೆ ನೋಡು ಇಲ್ಲಿ.”

“ನಾನು ಕೊಡ್ತೀನಿ, ನೀನು ಕೊಕ್ಕೆಗೆ ಹಾಕು. ಕಾಯ್ತಾರೆ ಅವರು.”

ಅಜ್ಜಿ ಕೈ ಚಾಚಿದಳು. ತೋಳು ನೆಲಕ್ಕೆ ತಾಗದಂತೆ ಬುಗುರಿ ಒಂದೊಂದೇ ಅಂಗಿಯನ್ನು ಎತ್ತಿ ಕೊಡತೊಡಗಿದಳು.