ಹಿಮದ ಮೇಲಿನ ಜಡೆ

ಇಳಿಜಾರಿನ ಮೇಲೆ ಜಾಡುಗಳು ಎರಡಿದ್ದವು. ಬುರ್ಗಿ ಹಿಮ ಸಮ ಮಾಡುವ ತನ್ನ ಯಂತ್ರದ ಗಾಜು ಒರೆಸಿ ಮತ್ತೆ ನೋಡಿದಳು. ಹೌದು, ಎರಡೇ.

ಒಂದು ಎಡಕ್ಕೆ ಬಳುಕಿದಲ್ಲಿ ಇನ್ನೊಂದು ಬಲಕ್ಕೆ ಬಳುಕಿ, ಒಂದನ್ನೊಂದು ದಾಟುತ್ತ, ಹೊಸ ಹಿಮದಲ್ಲಿ ಜಡೆ ಹೆಣೆದಂತೆ ಇಳಿದಿದ್ದವು. ಅವರ ಕಣಿವೆಯಲ್ಲಿ ಇದರ ಅರ್ಥ ಮಕ್ಕಳಿಗೂ ಗೊತ್ತು. ಒಲಿದವರಿಬ್ಬರು ಜೊತೆಯಾಗಿ ಸ್ಕೀ ಇಳಿದು ಹೆಣೆಯುವ ಜಡೆ ಅದು. ತಂತಿಯಲ್ಲಿ ತೂಗುತ್ತ ಗುಡ್ಡ ಹತ್ತುವ ಲಿಫ್ಟಿನಲ್ಲಿ ಕುಳಿತವರು ನೋಡಿ ಶಿಳ್ಳೆ ಹಾಕುತ್ತಾರೆ.

ಆದರೆ ಇದು ಲಿಫ್ಟಿನವರಿಗೆ ಕಾಣದ ಕಡೆ ಇತ್ತು, ಗುಡ್ಡದ ಹಿಂದೆ, ಹಿಮನದಿಯ ಮೇಲೆ. ನಡುವೆ ಯಾರೋ ಬಿದ್ದ ಹೊಂಡ. ಇಬ್ಬರಿಗೂ ಸೇರಿ ಒಂದೇ ಹೊಂಡ! ಹತ್ತಿದ ದಾರಿಯೂ ಒಂದೇ. ಒಬ್ಬರ ಹಿಂದೊಬ್ಬರು ಹತ್ತಿರಬೇಕು. ಆ ದಾರಿ ಹೊರಟಿದ್ದು ಲಿಫ್ಟಿನ ಮೇಲಿನ ನಿಲ್ದಾಣದ ಅಡುಗೆಮನೆಯ ಹಿಂಬಾಗಿಲಿನಿಂದ.

ಅಲ್ಲಿ ಮಲಗುವವನು ಅಡುಗೆಯ ಸೆವೆರಿನ್ ಒಬ್ಬನೇ.

ವಿಯೆನ್ನಾದ ಆಚೆಯ ಬಯಲು ಸೀಮೆಯಿಂದ ಈ ಚಳಿಗಾಲ ಬಂದವನು. ಮೊನ್ನೆಯಷ್ಟೇ ಕೇಳಿದ್ದ: "ಸೀಸನ್ ಮುಗಿದ್ಮೇಲೆ ನಾನು ಊರಿಗೆ ಹೋಗ್ಲಾ, ನಿನ್ನ ಜೊತೆ ಇಲ್ಲೇ ಇರ್ಲಾ?" ಇರು ಅನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಭಾನುವಾರ ಹೇಳುತ್ತೇನೆ ಎಂದಿದ್ದಳು.

ಅವಳು ಅಡುಗೆಮನೆಗೆ ಹೋದಾಗ ಅವನು ಎಂದಿನಂತೆ ಅವಳಿಗಾಗಿ ಸಿಹಿ ದೋಸೆ ಚೂರು ಮಾಡಿದಂತಿರುವ ಬಿಸಿ ಶ್ಮಾರ್ನ್ ತಟ್ಟೆಗೆ ಹಾಕಿ, ಪ್ಲಮ್ ಗೊಜ್ಜು ಪಕ್ಕದಲ್ಲಿಟ್ಟ. ಕಣ್ಣು ಮಾತ್ರ ತಪ್ಪಿಸಿದ.

"ಬೆಳಿಗ್ಗೆ ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೆ ಹೋಗ್ಲಿ? ಹಿಟ್ಟು ಕಲಸ್ತಾ ಇದ್ದೆ."

"ಕಾಲರ್ ಒಳಗೆ ಹಿಮ ಇದೆ."

ಅವನ ಕಿವಿ ಕೆಂಪಾಯಿತು. "ಕಸ ಚೆಲ್ಲೋಕೆ ಹೋಗಿದ್ದೆ."

"ತಲೆಕೆಳಗಾಗಿ ಚೆಲ್ಲಿದ್ಯಾ?"

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಲಿಫ್ಟಿನ ಲೋಯ್ಸ್ ಮಾಮ ನಗು ತಡೆಯಲಾರದೆ ಕೆಮ್ಮಿದ. "ಬುರ್ಗಿ, ನೀನು ಪೊಲೀಸ್ ಆಗ್ಬೇಕಿತ್ತು ಕಣೆ."

"ಆಗಿದ್ರೆ ಮೊದ್ಲು ಆ ಸ್ಕೀ ಮೇಷ್ಟ್ರನ್ನ ಒಳಗೆ ಹಾಕ್ತಿದ್ದೆ, ಮಾಮ."

ಯಾರೂ ನಗಲಿಲ್ಲ. ಹಿಂದಿನ ಚಳಿಗಾಲ ಅವಳು ನಂಬಿದ್ದ ಆ ಮೇಷ್ಟ್ರಿಗೆ ವಾರಕ್ಕೊಬ್ಬಳು ಶಿಷ್ಯೆ. ಎಲ್ಲರಿಗೂ ಗೊತ್ತಿತ್ತು, ಕೊನೆಗೆ ತಿಳಿದಿದ್ದು ಬುರ್ಗಿಗೆ. ಅವಳು ತಟ್ಟೆ ಮುಟ್ಟದೆ ಎದ್ದಳು.

ಮರುದಿನ ನಸುಕಿನಲ್ಲೇ ಸ್ಕೀ ಹಾಕಿಕೊಂಡು, ಹಿಮನದಿಗೆ ಹೋಗುವ ಯಾರೂ ಮರೆಯದ ಹಗ್ಗವನ್ನು ಹೆಗಲಿಗೇರಿಸಿ, ಗುಡ್ಡದ ಹಿಂದಿನ ಕಂಬದ ಮರೆಯಲ್ಲಿ ನಿಂತಳು. ಹಿಡಿಯಲೇಬೇಕು. ಆದರೂ ಒಳಗೊಳಗೇ, ಯಾರೂ ಬಾರದಿರಲಿ ಎಂದು ಬೇಡಿಕೊಂಡಳು.

ಸೆವೆರಿನ್ ಬಂದ. ಒಬ್ಬನೇ. ತಡವರಿಸುತ್ತ ಇಳಿದು, ಮತ್ತೆ ಹತ್ತತೊಡಗಿದ. ಆ ಇನ್ನೊಬ್ಬಳು ಮೇಲೆ ಕಾಯುತ್ತಿದ್ದಾಳೆ, ಈಗ ಕರೆತರುತ್ತಾನೆ ಎಂದುಕೊಂಡಳು ಬುರ್ಗಿ. ಅವನು ಮತ್ತೆ ಒಬ್ಬನೇ ಇಳಿದ. ತನ್ನದೇ ಜಾಡನ್ನು ಒಮ್ಮೆ ದಾಟಿದ, ಎರಡನೆಯ ಬಾರಿ ದಾಟಿದ, ಮೂರನೆಯದಕ್ಕೆ ತಲೆಕೆಳಗಾಗಿ ಹಿಮಕ್ಕೆ ಬಿದ್ದ.

ಬುರ್ಗಿ ಸರ್ರನೆ ಹೋಗಿ ಎದುರು ನಿಂತಳು. "ಎಲ್ಲಿ ಅವಳು?"

"ಯಾರು?"

"ಎರಡನೇ ಜಾಡಿನವಳು!"

ಅವನು ಬಾಯಲ್ಲಿದ್ದ ಹಿಮ ಉಗುಳಿದ. "ಅದೂ ನಾನೇ ಕಣೆ. ಮೊದ್ಲು ನಿನ್ನ ಪಾಲು ಇಳೀತೀನಿ, ಆಮೇಲೆ ನನ್ನ ಪಾಲು. ಎಲ್ಲರೆದುರು ನಿನ್ನ ಜೊತೆ ಹೆಣೆಯೋ ದಿನ ನಿನ್ನ ಮೇಲೇ ಬಿದ್ಬಿಟ್ರೆ? ಅದಕ್ಕೇ ಕಲೀತಾ ಇದ್ದೆ."

ಅವಳಿಗೆ ನಗು ಉಕ್ಕಿತು. ಆದರೆ ಅವನು ಬಿದ್ದಿದ್ದ ಹೊಂಡದ ಪಕ್ಕ ಹಿಮ ಉದ್ದಕ್ಕೂ ತುಸು ಕುಸಿದು ನೀಲಿಯಾಗಿ ಕಾಣುತ್ತಿತ್ತು. ಕೆಳಗೆ ಹಿಮನದಿಯ ಬಿರುಕು, ಬಿದ್ದವರು ಮೇಲೆ ಬಾರದಂಥದ್ದು. ಅವಳು ಅವನ ತೋಳು ಹಿಡಿದು ಈಚೆಗೆ ಎಳೆದಳು.

"ಇಷ್ಟು ದಿನ ಒಬ್ಬನೇ ಬರ್ತಿದ್ಯಾ? ಇಲ್ಲಿಗೆ? ಅಯ್ಯೋ ಪಾಪಿ, ಇನ್ನೊಬ್ಬಳು ಇದ್ದಿದ್ರೇ ಚೆನ್ನಾಗಿತ್ತು! ಕೂಗಿಕೊಳ್ಳೋಕಾದ್ರೂ ಒಬ್ಬಳಿರ್ತಿದ್ಲು!"

ಅವಳು ಹೆಗಲಿನ ಹಗ್ಗ ಇಳಿಸಿದಳು. ಒಂದು ತುದಿ ಅವನ ಸೊಂಟಕ್ಕೆ ಬಿಗಿದಳು. ಇನ್ನೊಂದು ತುದಿ ತನ್ನ ಸೊಂಟಕ್ಕೆ.

"ಸ್ಕೀ ಬಿಚ್ಚಬೇಡ. ನನ್ನ ಹಿಂದೇ ಬಾ. ಹಗ್ಗ ಸಡಿಲ ಬಿಡಬೇಡ."

"ಹಾಗಾದ್ರೆ ಊರಿಗೆ ಹೋಗ್ಲಾ, ಬೇಡ್ವಾ?"

"ಬಾಯಿ ಮುಚ್ಕೊಂಡು ಬಾ." ನಾಲ್ಕು ಮಾರು ಸಾಗಿದ ಮೇಲೆ, ತಿರುಗದೆಯೇ ಹೇಳಿದಳು: "ಇಲ್ಲೇ ಇರು. ಆದ್ರೆ ಇನ್ನು ಸುಳ್ಳು ಹೇಳಬೇಡ. ನಿಂಗೆ ಅದು ಬರಲ್ಲ."

ಹಿಂದಿನಿಂದ ಹಗ್ಗ ಮೆಲ್ಲಗೆ ಜಗ್ಗಿತು. ಅವಳು ಗಕ್ಕನೆ ನಿಂತು ತಿರುಗಿದಳು.

"ಏನಾಯ್ತು?"

"ಏನಿಲ್ಲ. ನೀನು ಇದ್ದೀಯಾ ಅಂತ ನೋಡ್ದೆ."

ಬುರ್ಗಿ ಸ್ವಲ್ಪ ದೂರ ಹೋಗಿ, ತಾನೂ ಒಮ್ಮೆ ಜಗ್ಗಿ ನೋಡಿದಳು.