ಒಣಗದ ಹೋಳು

"ಸೀಳಿ ನೋಡದೆ ಒಂದು ಅಣಬೇನೂ ಬಾಣಲೆಗೆ ಹಾಕಿಲ್ಲ ಕಣಣ್ಣಾ!" ಎಂದು ಅಡುಗೆಯಕ್ಕ ನಮ್ಮ ಬಾಗಿಲಲ್ಲಿ ನಿಂತು ಅತ್ತಳು.

ಅವಳು ಅಡುಗೆ ಮಾಡುವ ಮನೆಯ ಮಹಡಿಯಲ್ಲಿ ನಾವಿಬ್ಬರು ಬಾಡಿಗೆಗಿದ್ದೆವು. ನಾನು ದರ್ಜಿ, ನನ್ನ ಗೆಳೆಯ ಗಡಿಯಾರ ರಿಪೇರಿಯವನು. ಬೀದಿಯಲ್ಲಿ ಏನೇ ಕಳವಾದರೂ ಜನ ಬರುತ್ತಿದ್ದುದು ಅವನ ಹತ್ತಿರಕ್ಕೇ. ಅವನು ಕಣ್ಣಿನ ಭೂತಗನ್ನಡಿ ತೆಗೆದಿಟ್ಟ. "ಕೂತ್ಕೊಂಡು ಹೇಳಕ್ಕಾ."

ಮಧ್ಯಾಹ್ನ ಎಲ್ಲರೂ ಉಂಡೆ ಅಣಬೆ ಹುರಿದದ್ದು ತಿಂದಿದ್ದೆವು. ಊಟವಾಗಿ ಅರ್ಧ ಗಂಟೆಗೆ ಮನೆಯೊಡತಿ ಅಮ್ಮನೊಬ್ಬರಿಗೇ ವಾಂತಿ. ಅವರ ತಂಗಿಯ ಮಗ ಬುಟ್ಟಿಯಿಂದ ಒಂದು ಹೋಳು ಎತ್ತಿ ತೋರಿಸಿ, ಇದು ವಿಷದ್ದು, ಸಂಜೆಯೊಳಗೆ ಗಂಟುಮೂಟೆ ಕಟ್ಟು ಎಂದು ಅಕ್ಕನಿಗೆ ಹೇಳಿದ್ದನಂತೆ. ಮುಂದಿನ ತಿಂಗಳಿಂದ ಅಡುಗೆಮನೆ, ಉಗ್ರಾಣದ ಯಜಮಾನಿಕೆ ಪೂರ್ತಿ ಅಕ್ಕನದೇ ಎಂದು ಅಮ್ಮ ಹೇಳಿ ಎರಡು ದಿನವೂ ಆಗಿರಲಿಲ್ಲ. ಅದು ತನ್ನ ಹೆಂಡತಿಗೆ ಸಿಗಬೇಕೆಂಬುದು ತಂಗಿಯ ಮಗನ ಆಸೆ.

ಕೆಳಗೆ ಹೋದೆವು. ಒಳ್ಳೆಯ ಉಂಡೆ ಅಣಬೆ ಒಳಗೆಲ್ಲ ಬರೀ ಬಿಳುಪು. ಈ ಹೋಳಿನಲ್ಲಿ ಮಡಿಸಿದ ಕೊಡೆಯಂಥ ಗೆರೆಯಿತ್ತು. ವಿಷದ ಅಣಬೆಯ ಮೊಗ್ಗು. ನನಗೆ ಅಕ್ಕನ ಮೇಲೇ ಅನುಮಾನ ಹುಟ್ಟಿತು. ಗೆಳೆಯ ಹೋಳನ್ನು ಮುಟ್ಟಿ ನೋಡಿದ, ಬೆಳಿಗ್ಗೆ ಅಕ್ಕ ಕೊಯ್ದೆಸೆದ ಚೂರುಗಳನ್ನೂ ಮುಟ್ಟಿದ. ಬಳಿಕ ಡಾಕ್ಟರಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದ.

ಅಮ್ಮ ಚೇತರಿಸಿಕೊಂಡು ಒರಗಿದ್ದರು. ಗೆಳೆಯ ಎಲ್ಲರನ್ನೂ ಅವರ ಮಂಚದ ಸುತ್ತ ಕೂರಿಸಿದ.

"ಬೆಳಿಗ್ಗೆ ಎಂಟಕ್ಕೆ ಕೊಯ್ದ ಚೂರೆಲ್ಲ ಸುರುಟಿಹೋಗಿವೆ. ಈ ಹೋಳು ಮಾತ್ರ ಇನ್ನೂ ಒದ್ದೆ. ಅಂದ್ರೆ ಇದನ್ನ ಸೀಳಿದ್ದು ಊಟ ಆದ್ಮೇಲೆ."

"ಹಾಗಾದ್ರೆ ದೊಡ್ಡಮ್ಮನಿಗೆ ವಾಂತಿ ಯಾಕಾಯ್ತು?" ತಂಗಿಯ ಮಗ ದನಿಯೇರಿಸಿದ.

"ತಪ್ಪಿದ್ದೇ ಅಲ್ಲಿ ನೀನು. ಈ ವಿಷ ತಲೆಯೆತ್ತೋಕೆ ಆರು ಗಂಟೆಯಾದ್ರೂ ಬೇಕಂತೆ, ಡಾಕ್ಟರ್ ಹೇಳಿದ್ರು. ಅಮ್ಮನಿಗೆ ಅರ್ಧ ಗಂಟೇಲೇ ಆಯ್ತು. ಊಟ ಎಲ್ಲರೂ ಮಾಡಿದ್ವಿ. ಅಮ್ಮ ಒಬ್ಬರೇ ತಗೊಂಡಿದ್ದೇನು?"

"ಕಾಫಿ," ಎಂದರು ಅಮ್ಮ ಮೆಲ್ಲಗೆ. "ಇವನೇ ತಂದುಕೊಟ್ಟ."

"ಆ ಲೋಟದ ತಳದಲ್ಲಿ ಉಳಿದದ್ದನ್ನ ಡಾಕ್ಟರಿಗೆ ಕಳಿಸೋಣ."

"ಏನು ಉಳಿದಿರತ್ತೆ? ಆಗಲೇ ತೊಳೆದಿಟ್ಟೆ!" ಎಂದುಬಿಟ್ಟ ತಂಗಿಯ ಮಗ.

ಅಕ್ಕ ಕಣ್ಣೊರೆಸಿಕೊಂಡಳು. "ಹನ್ನೊಂದು ವರ್ಷದಲ್ಲಿ ಇವನು ಲೋಟ ತೊಳೆದದ್ದು ನಾ ಕಾಣೆ."

"ವಾಂತಿ ಬರ್ಸೋ ಔಷಧಿ ಅಷ್ಟೇ ದೊಡ್ಡಮ್ಮಾ," ಅವನು ಮಂಚದ ಕಾಲು ಹಿಡಿದ. "ಸಾಯಿಸ್ಬೇಕು ಅಂತಲ್ಲ!"

ಅಮ್ಮ ಅವನತ್ತ ನೋಡಲಿಲ್ಲ. "ಗಂಟುಮೂಟೆ ಕಟ್ಟೋಕೆ ಸಂಜೆವರೆಗೂ ಟೈಮಿದೆ ನಿಂಗೆ," ಎಂದರು. ಸೊಂಟದಿಂದ ಉಗ್ರಾಣದ ಬೀಗದ ಕೈ ಬಿಚ್ಚಿ ಅಕ್ಕನ ಕೈಗಿಟ್ಟರು. "ಮುಂದಿನ ತಿಂಗಳು ಯಾಕೆ, ಇವತ್ತೇ ತಗೋ. ಅಣಬೆ ಮಿಕ್ಕಿದ್ರೆ ರಾತ್ರಿಗೆ ಬಿಸಿ ಮಾಡೇ."